ಬಿಟ್ಟ ಸ್ಥಳದಲ್ಲಿ ಬೂದು ಬಣ್ಣ

ಒಂಬತ್ತನೇ ತರಗತಿಗೆ ಈಚೆಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಅದರಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯೊಂದಿತ್ತು: 'ನೀಲಿ ಮತ್ತು ಹಳದಿ ಬಣ್ಣಗಳನ್ನು ಬೆರೆಸಿದರೆ ........ ಬಣ್ಣ ಬರುತ್ತದೆ.' ಅರ್ಧ ಅಂಕದ ಪ್ರಶ್ನೆ. ಅಂಗನವಾಡಿಯ ಮಗುವೂ ಹೇಳಬಹುದಾದ ಉತ್ತರ. ಎಲ್ಲರಿಗೂ ಅರ್ಧ ಅಂಕವಾದರೂ ಬರಲಿ ಎಂಬ ಉದಾರ ಬುದ್ಧಿಯಿಂದಲೇ ಅದನ್ನು ಸೇರಿಸಿದ್ದೆ. ತಿದ್ದುತ್ತಾ ಹೋದಂತೆ ಹಸಿರು, ಹಸಿರು, ಹಸಿರು. ಒಂದು ಹಾಳೆಯಲ್ಲಿ ಮಾತ್ರ 'ಬೂದು' ಎಂದಿತ್ತು. ಬರೆದವಳು ತರಗತಿಯಲ್ಲೇ ಚೆನ್ನಾಗಿ ಚಿತ್ರ ಬಿಡಿಸುವ ಹುಡುಗಿ, ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸಾದವಳು. ಇವಳಿಗೇ ಇದು ಗೊತ್ತಿಲ್ಲವೇ ಎಂದು ಬೇಸರಪಟ್ಟು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ.

ಮರುದಿನ ಹಾಳೆ ಕೈಗೆ ಬಂದೊಡನೆ ಹುಡುಗಿ ಎದ್ದು ನಿಂತಳು. "ಸಾರ್, ಕಂಪ್ಯೂಟರಿನಲ್ಲಿ ಬೂದೇ ಬರೋದು. ನಾಲ್ಕು ಸಲ ಮಾಡಿ ನೋಡಿದೀನಿ." ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಹಾಗಾದರೆ ಕಂಪ್ಯೂಟರ್ ಕೆಟ್ಟಿರಬೇಕು, ರಿಪೇರಿಗೆ ಕೊಡಮ್ಮಾ" ಎಂದು ಹೇಳಿ ಕೂರಿಸಿಬಿಟ್ಟೆ. ಪ್ರಯೋಗ ಮಾಡಿ ನೋಡಿ, ಪುಸ್ತಕ ಹೇಳಿತೆಂದು ಒಪ್ಪಬೇಡಿ ಎಂದು ವರ್ಷವಿಡೀ ಬೋಧಿಸುವ ಮೇಷ್ಟರು, ನಾಲ್ಕು ಸಲ ಪ್ರಯೋಗ ಮಾಡಿ ಬಂದವಳನ್ನು ಕೂರಿಸಿದ ರೀತಿ ಇದು.

ಆದರೂ ಮನಸ್ಸು ಕೇಳಲಿಲ್ಲ. ಸಂಜೆ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿ ಒಂದು ಯಂತ್ರ ಚಾಲೂ ಮಾಡಿದೆ. ಅದರಲ್ಲಿ ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶವಿದೆ. ದಪ್ಪ ಕುಂಚವೊಂದನ್ನು ಆರಿಸಿ ಅಪ್ಪಟ ನೀಲಿಯನ್ನು ಬಳಿದೆ. ಬಣ್ಣ ಎಷ್ಟು ಗಟ್ಟಿಯಾಗಿ ಕೂರಬೇಕೆಂದು ಹೇಳುವ 'ಓಪಾಸಿಟಿ' ಎಂಬ ಪಟ್ಟಿ ತೆರೆಯ ಮೇಲ್ಭಾಗದಲ್ಲಿದೆ. ಅದನ್ನು 50ಕ್ಕೆ ಇಳಿಸಿ, ನೀಲಿಯ ಮೇಲೆ ಅಪ್ಪಟ ಹಳದಿಯನ್ನು ಎಳೆದೆ. ಬಂದದ್ದು ಬೂದು. ಒಲೆಯ ಬೂದಿಯಂತಹ ಬೂದು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ.

ಹೀಗೇಕೆ? ನಿಮ್ಮ ಮನೆಯ ಮೊಬೈಲ್ ತೆರೆಯ ಮೇಲೆ ಬೆರಳ ತುದಿಯಿಂದ ಸಾಸಿವೆ ಕಾಳಿನಷ್ಟು ನೀರಿನ ಹನಿ ಇಡಿ. ಹನಿ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಹಳದಿ ಚಿತ್ರವೊಂದನ್ನು ಹಾಕಿಕೊಂಡು ಹನಿಯೊಳಗೆ ಇಣುಕಿದರೆ ಅಲ್ಲಿ ಹಳದಿಯೇ ಇರುವುದಿಲ್ಲ! ಕೆಂಪು ಮತ್ತು ಹಸಿರು ದೀಪಗಳ ಸಣ್ಣ ಚುಕ್ಕೆಗಳು ಉರಿಯುತ್ತಿರುತ್ತವೆ, ನೀಲಿ ಚುಕ್ಕೆ ಆರಿರುತ್ತದೆ. ಕಂಪ್ಯೂಟರಿಗೆ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳ ಲೆಕ್ಕ. ಪ್ರತಿ ದೀಪಕ್ಕೆ 0ಯಿಂದ 255ರವರೆಗೆ ಒಂದು ಸಂಖ್ಯೆ. ಹಳದಿ ಎಂದರೆ 255, 255, 0. ನೀಲಿ ಎಂದರೆ 0, 0, 255. ಎರಡನ್ನೂ ಅರ್ಧರ್ಧ ಬೆರೆಸು ಎಂದರೆ ಅದು ಸರಾಸರಿ ತೆಗೆಯುತ್ತದೆ: 128, 128, 128. ಮೂರು ದೀಪಗಳೂ ಸಮನಾಗಿ, ಅರೆಬರೆ ಉರಿದರೆ ಬೂದು. ಲೆಕ್ಕದಲ್ಲಿ ತಪ್ಪಿಲ್ಲ.

ಕುಂಚದ ಬಣ್ಣದ ಕಥೆ ಬೇರೆ. ಅದು ದೀಪವಲ್ಲ, ಜರಡಿ. ಬಿಳಿಯ ಬೆಳಕು ಅದರ ಮೇಲೆ ಬಿದ್ದಾಗ ಕೆಲವು ಬಣ್ಣಗಳನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಬಿಡುತ್ತದೆ. ಹಳದಿ ವರ್ಣದ್ರವ್ಯ ನೀಲಿ, ನೇರಳೆಗಳನ್ನು ತಿನ್ನುತ್ತದೆ. ನೀಲಿ ವರ್ಣದ್ರವ್ಯ ಕೆಂಪು, ಕಿತ್ತಳೆಗಳನ್ನು ತಿನ್ನುತ್ತದೆ. ಎರಡನ್ನೂ ಕಲಸಿದರೆ ಎರಡು ಜರಡಿಗಳಲ್ಲೂ ಪಾರಾಗಿ ಬರುವುದು ಹೆಚ್ಚಾಗಿ ಹಸಿರು ಬೆಳಕು. ಹಾಗೆ ನೋಡಿದರೆ ನನ್ನ ಪ್ರಶ್ನೆಯೇ ಅರೆಬರೆ. ಯಾವ ಬಣ್ಣ, ಎಲ್ಲಿಯ ಬಣ್ಣ ಎಂದು ನಾನು ಹೇಳಿರಲಿಲ್ಲ.

ಇದಾಗಿ ಎರಡು ದಿನಕ್ಕೆ ಹುಡುಗಿಯ ತಂದೆ ಶಾಲೆಗೆ ಬಂದರು. ಅಂಕದ ತಕರಾರಿಗೆ ಬಂದವರಲ್ಲ. ಮಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಪೆನ್ ಟ್ಯಾಬ್ಲೆಟ್ ಬೇಕೆಂದು ಹಟ ಹಿಡಿದಿದ್ದಳಂತೆ. ಅವರು ಪೇಟೆಯ ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡುವವರು. "ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ಪೇಂಟ್ ಕಲಸ್ತಾ ಇದೀನಿ. ನೀಲಿಗೆ ಹಳದಿ ಹಾಕಿದ್ರೆ ಬೂದಿಯಾಗೋ ಮೆಷಿನ್ನಿಗೆ ನಾನು ಯಾಕೆ ದುಡ್ಡು ಸುರೀಲಿ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಅವರ ಅಂಗಡಿಯಲ್ಲೇ.

ಈಗ ಪೇಂಟ್ ಅಂಗಡಿಗಳಲ್ಲಿ ಒಂದು ಯಂತ್ರ ಇರುತ್ತದಲ್ಲ, ನಂಬರು ಒತ್ತಿದರೆ ಬಿಳಿ ಪೇಂಟಿನ ಡಬ್ಬಿಗೆ ಇಷ್ಟು ಹನಿ ಹಳದಿ, ಇಷ್ಟು ಹನಿ ಕಪ್ಪು ಎಂದು ತಾನೇ ಸುರಿಯುವುದು? ಗಿರಾಕಿ ತಂದ ಸೀರೆಯ ತುಂಡಿಗೆ ಹೊಂದುವ ಬಣ್ಣ ಬೇಕೆಂದರೆ ಎಷ್ಟು ಹನಿ ಎಂದು ಹೇಗೆ ಗೊತ್ತಾಗಬೇಕು? ಇಂತಹ ಲೆಕ್ಕಕ್ಕೆ ಆಧಾರವಾಗಿರುವುದು 1931ರಲ್ಲಿ ಪೌಲ್ ಕುಬೆಲ್ಕಾ ಮತ್ತು ಫ್ರಾಂಜ್ ಮುಂಕ್ ಎಂಬಿಬ್ಬರು ಜರ್ಮನ್ ಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಸೂತ್ರ. ಗೋಡೆಗೆ ಹಚ್ಚಿದ ಬಣ್ಣದೊಳಗೆ ಬೆಳಕು ಎಷ್ಟು ಹೀರಲ್ಪಡುತ್ತದೆ, ಎಷ್ಟು ಚದುರುತ್ತದೆ ಎಂಬ ಎರಡೇ ವಿಷಯ ಹಿಡಿದು ಅವರು ಲೆಕ್ಕ ಹಾಕಿದರು. ದಪ್ಪಗೆ ಬಳಿದ ಬಣ್ಣವಾದರೆ ಸೂತ್ರ ಇಷ್ಟೇ: ಹಿಂದಿರುಗುವ ಬೆಳಕಿನ ಭಾಗವನ್ನು ಒಂದರಿಂದ ಕಳೆದು, ಅದರ ವರ್ಗ ಮಾಡಿ, ಹಿಂದಿರುಗುವ ಭಾಗದ ಎರಡರಷ್ಟರಿಂದ ಭಾಗಿಸಿ. ಸಿಗುವುದು ಹೀರಿಕೆಗೂ ಚದುರಿಕೆಗೂ ಇರುವ ಅನುಪಾತ. ಬಣ್ಣಗಳನ್ನು ಬೆರೆಸುವಾಗ ಸರಾಸರಿ ತೆಗೆಯಬೇಕಾದದ್ದು ಬೆಳಕಿನದಲ್ಲ, ಈ ಅನುಪಾತದ್ದು.

ಪಿಯುಸಿ ಓದುವವರು ಕಾಗದ ತೆಗೆದುಕೊಂಡು ಮಾಡಿ ನೋಡಿ. ಒಂದು ಹಳದಿ ಬಣ್ಣ ಕೆಂಪು ಬೆಳಕಿನಲ್ಲಿ 80 ಪಾಲು, ಹಸಿರಿನಲ್ಲಿ 70, ನೀಲಿಯಲ್ಲಿ 10 ಪಾಲು ಹಿಂದಕ್ಕೆ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಒಂದು ನೀಲಿ ಬಣ್ಣ ಕೆಂಪಿನಲ್ಲಿ 10, ಹಸಿರಿನಲ್ಲಿ 40, ನೀಲಿಯಲ್ಲಿ 60. ಎಲ್ಲವೂ ನೂರಕ್ಕೆ. ಎರಡೂ ಬಣ್ಣಗಳು ಬೆಳಕನ್ನು ಒಂದೇ ಪ್ರಮಾಣದಲ್ಲಿ ಚದುರಿಸುತ್ತವೆ ಎಂದೂ ಇರಲಿ. ಸುಮ್ಮನೆ ಸರಾಸರಿ ತೆಗೆದರೆ ಕೆಂಪು 45, ಹಸಿರು 55, ನೀಲಿ 35 ಬರುತ್ತದೆ. ಕಣ್ಣಿಗೆ ಮಂಕು ಮಂಕಾದ ಕೊಳೆ ಬಣ್ಣ. ಕುಬೆಲ್ಕಾ-ಮುಂಕ್ ದಾರಿಯಲ್ಲಿ ಹೋದರೆ ಕೆಂಪು ಸುಮಾರು 17, ಹಸಿರು ಸುಮಾರು 50, ನೀಲಿ ಸುಮಾರು 17. ಇದು ಎಲೆ ಹಸಿರು! ಹೀರಿಕೊಳ್ಳುವವನ ಕೈ ಯಾವಾಗಲೂ ಮೇಲು ಎಂಬುದು ಇದರ ಗುಟ್ಟು. ಒಂದು ಬಕೆಟ್ ಬಿಳಿಗೆ ಒಂದು ಚಮಚ ಕಪ್ಪು ಬಿದ್ದರೆ ಏನಾಗುತ್ತದೆ ಎಂದು ಆ ತಂದೆಯನ್ನು ಕೇಳಿದೆ. ಅವರು ತಲೆಯಾಡಿಸಿದರು.

ಹಾಗಿದ್ದರೆ ಚಿತ್ರ ಬರೆಯುವ ತಂತ್ರಾಂಶಗಳು ಇದನ್ನು ಮೊದಲೇ ಏಕೆ ಅಳವಡಿಸಿಕೊಳ್ಳಲಿಲ್ಲ? ನಿಜವಾದ ಕುಂಚ, ಕಾಗದ, ಇದ್ದಿಲುಗಳ ಅನುಭವವನ್ನು ತೆರೆಯ ಮೇಲೆ ತರಬೇಕೆಂಬ ಹಂಬಲವೇನೂ ಹೊಸದಲ್ಲ. ಅಮೆರಿಕದಲ್ಲಿ ಮಾರ್ಕ್ ಝಿಮ್ಮರ್ ಮತ್ತು ಟಾಮ್ ಹೆಜಸ್ 1991ರಲ್ಲೇ 'ಪೇಂಟರ್' ಎಂಬ ತಂತ್ರಾಂಶ ಹೊರತಂದರು. ಅದನ್ನು ಪೇಂಟ್ ಡಬ್ಬಿಯೊಳಗೇ ಇಟ್ಟು ಮಾರುತ್ತಿದ್ದರು. (ಇದನ್ನು ಕೇಳಿ ತಂದೆಯವರು ಮೊದಲ ಬಾರಿಗೆ ನಕ್ಕರು.) ತೊಡಕಿದ್ದದ್ದು ಬೇರೆ ಕಡೆ. ತೆರೆಗೆ ಗೊತ್ತಿರುವುದು ಮೂರು ಸಂಖ್ಯೆ. ವರ್ಣದ್ರವ್ಯದ ಲೆಕ್ಕಕ್ಕೆ ಬೇಕಾದದ್ದು ಬೆಳಕಿನ ಇಡೀ ರೋಹಿತ. 2021ರಲ್ಲಿ ಝೆಕ್ ದೇಶದ ಷಾರ್ಕಾ ಸೊಖೊರೊವಾ ಮತ್ತು ಒಂದ್ರೆಯ್ ಯಾಮ್ರಿಷ್ಕಾ ಎಂಬಿಬ್ಬರು ಇದಕ್ಕೊಂದು ಸುಲಭ ದಾರಿ ತೋರಿಸಿದರು. ಕಂಪ್ಯೂಟರು ಪ್ರತಿಯೊಂದು ಬಣ್ಣವನ್ನೂ ನಾಲ್ಕು ನಿಜವಾದ ವರ್ಣದ್ರವ್ಯಗಳ, ಅಂದರೆ ಒಂದು ನೀಲಿ, ಒಂದು ಕಡುಗುಲಾಬಿ, ಒಂದು ಹಳದಿ, ಒಂದು ಬಿಳಿ ಇವುಗಳ ಮಿಶ್ರಣವೆಂದು ಊಹಿಸಿಕೊಳ್ಳುತ್ತದೆ. ಬೆರೆಸುವ ಲೆಕ್ಕವನ್ನು ಅಲ್ಲಿ ಮಾಡಿ, ಉತ್ತರವನ್ನು ಮತ್ತೆ ಮೂರು ಸಂಖ್ಯೆಗೆ ತರುತ್ತದೆ. ನಮ್ಮ ಅಜ್ಜಂದಿರು ಆಣೆ-ಪೈಗಳಲ್ಲಿ ಲೆಕ್ಕ ಮಾಡಿ ಕೊನೆಗೆ ರೂಪಾಯಿಗೆ ತಿರುಗಿಸುತ್ತಿದ್ದಂತೆ. ಸ್ಲೊವಾಕಿಯಾದ 'ರೆಬೆಲ್' ಎಂಬ ತಂತ್ರಾಂಶದಲ್ಲಿ ಅದೇ ವರ್ಷ ಈ ವಿದ್ಯೆ ಸೇರಿತು. ಅದಕ್ಕೂ ಮುಂಚೆ 2020ರಲ್ಲಿ 'ಮೈಪೇಂಟ್' ಎಂಬ ಉಚಿತ ತಂತ್ರಾಂಶ ಬೇರೊಂದು ದಾರಿಯಲ್ಲಿ ರೋಹಿತದ ಲೆಕ್ಕವನ್ನು ತಂದುಕೊಂಡಿತ್ತು. ಇವುಗಳಲ್ಲಿ ನೀಲಿಗೆ ಹಳದಿ ಬಿದ್ದರೆ ಹಸಿರೇ!

ನೀರಿನ ಆಟ ಇನ್ನೂ ಚೆಂದ. ಮೇಜಿನ ಮೇಲೆ ಬಿದ್ದ ಕಾಫಿಯ ಹನಿ ಒಣಗಿದ ಮೇಲೆ ನೋಡಿದ್ದೀರಾ? ನಡುವೆ ತೆಳು, ಅಂಚಿನಲ್ಲಿ ಕಪ್ಪು ಉಂಗುರ. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡಿರುತ್ತದೆ, ಅಲ್ಲಿಂದ ನೀರು ಬೇಗ ಆವಿಯಾಗುತ್ತದೆ. ಆ ನಷ್ಟ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತಾ ಕಣಗಳನ್ನೂ ಹೊತ್ತೊಯ್ಯುತ್ತದೆ. ಷಿಕಾಗೋ ವಿಶ್ವವಿದ್ಯಾಲಯದವರು ಇದನ್ನು ವಿವರಿಸಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು 1997ರಲ್ಲಿ. ಅದೇ ವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಯಾಸಿಡಿ ಕರ್ಟಿಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಜಲವರ್ಣ ಮೂಡಿಸುವ ಬಗೆಯನ್ನು ಪ್ರಕಟಿಸಿದರು. ಕಾಗದದ ಮೇಲೆ ಹರಿಯುವ ನೀರು, ಕಾಗದಕ್ಕೆ ಅಂಟುವ ಬಣ್ಣ, ಕಾಗದದ ನಾರು ಹೀರುವ ನೀರು ಎಂದು ಮೂರು ಪದರಗಳಾಗಿ ಲೆಕ್ಕ ಹಾಕಿ, ಅಂಚಿನ ಆ ಕಪ್ಪು ಗೆರೆಯನ್ನೂ ತಂದರು. ಇಂದಿನ ತಂತ್ರಾಂಶಗಳಲ್ಲಿ ತೆರೆಯ ಮೇಲಿನ ಕಾಗದವನ್ನು ವಾಲಿಸಿದರೆ ಬಣ್ಣ ಸೋರುವುದನ್ನೂ ನೋಡಬಹುದು. ನಾನು ಅರ್ಧ ಗಂಟೆ ಬರೀ ಸೋರಿಸುತ್ತಾ ಕುಳಿತಿದ್ದೆ. ಚಿತ್ರವೇನೂ ಆಗಲಿಲ್ಲ.

ಇನ್ನು, ಶುರು ಮಾಡುವುದು ಹೇಗೆಂಬ ಮಾತು. ಇಲ್ಲಿ ಪೋಷಕರು ಸ್ವಲ್ಪ ಹತ್ತಿರ ಕುಳಿತು ಓದಬೇಕು.

ಮೊದಲ ತಂತ್ರಾಂಶಕ್ಕೆ ಹಣ ಕೊಡಬೇಡಿ. ಕ್ರಿಟಾ ಸಾಕು. ಅದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಅದರ ಸ್ವಂತ ಅಂತರಜಾಲ ತಾಣದಿಂದಲೇ ಇಳಿಸಿಕೊಳ್ಳಿ. ಹೆಸರು ಸ್ವೀಡಿಷ್ ಭಾಷೆಯ 'ಬಳಪ' ಎಂಬ ಪದದಿಂದ ಬಂದದ್ದು. ನಮ್ಮ ಕಿವಿಗೆ 'ಕೃತ' ಎಂದು ಕೇಳಿಸಿದರೂ ನಷ್ಟವಿಲ್ಲ. ನಿಜ, ಅದರ ಸಾಮಾನ್ಯ ಕುಂಚಗಳಲ್ಲಿ ನೀಲಿ-ಹಳದಿ ಬೂದೇ ಆಗುತ್ತದೆ. ಹಸಿರು ಬೇಕಾದಾಗ ಬೆರೆಸುವ ಬದಲು ಬಣ್ಣದ ಚಕ್ರದಿಂದ ಹಸಿರನ್ನೇ ಆರಿಸಿಕೊಂಡರಾಯಿತು. ಬೆರೆಸುವ ಆಟ ಬೇಕೇ ಬೇಕೆಂದರೆ ಮೈಪೇಂಟ್ ಇದೆ, ಅದೂ ಉಚಿತ. ರೆಬೆಲ್‌ಗೆ ಹಣ ಕೊಡಬೇಕು. ಪರೀಕ್ಷಾರ್ಥ ಪ್ರತಿಯಲ್ಲಿ ನೀರು ಹರಿಸಿ ನೋಡಿ, ಕೊಳ್ಳುವ ಮಾತು ವರ್ಷ ಕಳೆದ ಮೇಲೆ ಇರಲಿ. ಪೆನ್ ಡ್ರೈವಿನಲ್ಲಿ ದುಬಾರಿ ತಂತ್ರಾಂಶವನ್ನು 'ಪುಕ್ಕಟೆ' ಹಾಕಿಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ನಾನೂ ಒಮ್ಮೆ ಆ ಆಸೆಗೆ ಬಿದ್ದು, ಕಂಪ್ಯೂಟರಿಗೆ ವೈರಸ್ ಹತ್ತಿ, ಹನ್ನೊಂದು ವರ್ಷದ ಪ್ರಶ್ನೆಪತ್ರಿಕೆಗಳನ್ನು ಕಳೆದುಕೊಂಡಿದ್ದೇನೆ. ಮಕ್ಕಳು ಇದನ್ನು ಸಂತಾಪದ ಸಂಗತಿ ಎಂದು ಭಾವಿಸಲಿಲ್ಲ.

ಎರಡನೆಯದು ಪೆನ್ ಟ್ಯಾಬ್ಲೆಟ್. ಮೌಸಿನಿಂದ ಚಿತ್ರ ಬರೆಯುವುದೆಂದರೆ ಸೋಪಿನ ಬಿಲ್ಲೆ ಹಿಡಿದು ರುಜು ಹಾಕಿದಂತೆ. ಮೌಸಿಗೆ ಗೊತ್ತಿರುವುದು ಒತ್ತಿದೆ, ಒತ್ತಿಲ್ಲ ಎಂಬ ಎರಡೇ ಸ್ಥಿತಿ. ಹಲವು ಪೆನ್ನುಗಳಲ್ಲಿ ಒತ್ತಡಕ್ಕೆ 8192 ಹಂತಗಳಿರುತ್ತವೆ. ಹಗುರವಾಗಿ ಎಳೆದರೆ ತೆಳುಗೆರೆ, ಒತ್ತಿದರೆ ದಪ್ಪ. ಈ ಪೆನ್ನುಗಳಲ್ಲಿ ಹಲವಕ್ಕೆ ಬ್ಯಾಟರಿಯೇ ಇಲ್ಲ ಎಂಬುದು ನನ್ನಂಥವರಿಗೆ ಹಬ್ಬ. ಹಲಗೆಯೊಳಗಿನ ತಂತಿಗಳ ಜಾಲ ವಿದ್ಯುತ್ಕಾಂತ ಅಲೆಗಳನ್ನು ಬಿಡುತ್ತದೆ. ಪೆನ್ನಿನೊಳಗೊಂದು ತಂತಿಸುರುಳಿ ಮತ್ತು ಧಾರಕವಿದ್ದು, ಶ್ರುತಿಕವೆಯೊಂದು ಮಿಡಿದಾಗ ಪಕ್ಕದ ಜೋಡಿ ಕವೆಯೂ ಮಿಡಿಯುವಂತೆ ಅನುರಣನಗೊಂಡು ಉತ್ತರ ಕೊಡುತ್ತದೆ. ತುದಿಯನ್ನು ಒತ್ತಿದರೆ ಅದರ ಶ್ರುತಿ ಚೂರು ಬದಲಾಗುತ್ತದೆ. ಹಲಗೆ ಅದನ್ನು ಅಳೆಯುತ್ತದೆ. ತೆರೆ ಇರುವ ದುಬಾರಿ ಟ್ಯಾಬ್ಲೆಟ್ ಆರಂಭಕ್ಕೆ ಬೇಡವೇ ಬೇಡ. ಸಣ್ಣ ಪುಸ್ತಕದಷ್ಟಿರುವ, ತೆರೆಯಿಲ್ಲದ ಹಲಗೆ ಸಾಕು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದರಿಂದ ಮೊದಲ ವಾರ ಗೆರೆಯೆಲ್ಲ ಸೊಟ್ಟ. ಸೈಕಲ್ ಕಲಿತವರಿಗೆ ಇದನ್ನು ವಿವರಿಸಬೇಕಿಲ್ಲ.

ಕ್ಯಾನ್‌ವಾಸಿನ ಅಳತೆಯಲ್ಲಿ ಮಕ್ಕಳು ದುರಾಸೆ ಪಡುತ್ತಾರೆ. ಎ4 ಹಾಳೆಯಷ್ಟು ದೊಡ್ಡದನ್ನು ಮುದ್ರಣದ ಗುಣಮಟ್ಟಕ್ಕೆ, ಅಂದರೆ ಅಂಗುಲಕ್ಕೆ 300 ಚುಕ್ಕೆಯಂತೆ ಇಟ್ಟರೆ 2480 ಗುಣಿಸು 3508, ಸುಮಾರು 87 ಲಕ್ಷ ಚುಕ್ಕೆಗಳು. ಚುಕ್ಕೆಗೆ ನಾಲ್ಕು ಬೈಟ್ ಎಂದರೆ ಪದರವೊಂದಕ್ಕೆ ಸುಮಾರು 35 ಮೆಗಾಬೈಟ್. ಹತ್ತು ಪದರ ಇಟ್ಟರೆ 350. ಹಳೆಯ ಕಂಪ್ಯೂಟರು ಅಲ್ಲಿಗೆ ಏದುಸಿರು ಬಿಡುತ್ತದೆ. 2000 ಗುಣಿಸು 1500 ಇಡಿ. ಪದರಕ್ಕೆ 12 ಮೆಗಾಬೈಟ್‌ನಲ್ಲಿ ಮುಗಿಯುತ್ತದೆ. ಪದರ ಎಂದರೇನೆಂದು ಕೇಳುವವರಿಗೆ: ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳು. ಕೆಳಗಿನದರಲ್ಲಿ ಪೆನ್ಸಿಲ್ ಗುರುತು, ಮೇಲಿನದರಲ್ಲಿ ಬಣ್ಣ. ಆರಂಭಕ್ಕೆ ಮೂರು ಸಾಕು.

ಕುಂಚಗಳು ನೂರಕ್ಕೂ ಹೆಚ್ಚಿವೆ. ಮೂರನ್ನು ಮಾತ್ರ ಬಳಸಿ: ಒಂದು ಪೆನ್ಸಿಲ್, ಒಂದು ಸಾದಾ ಗಟ್ಟಿ ಕುಂಚ, ಒಂದು ಅಂಚು ಮೆತ್ತಗಿರುವುದು. ಉಳಿದವನ್ನು ಮುಟ್ಟಿದರೆ ಇಡೀ ಭಾನುವಾರ ಕುಂಚ ಆರಿಸುವುದರಲ್ಲೇ ಕಳೆದು ಸಂಜೆಗೆ ಕ್ಯಾನ್‌ವಾಸ್ ಖಾಲಿ ಇರುತ್ತದೆ. ನಮ್ಮ ಹುಡುಗಿಗೂ ಹಾಗೇ ಆಯಿತು.

ಬರೆಯುವುದೇನು? ಅಡುಗೆಮನೆಯಿಂದ ಒಂದು ಗುಂಡು ಬದನೆಕಾಯಿ ತನ್ನಿ. ಕಿಟಕಿಯ ಪಕ್ಕ ಬಿಳಿ ಹಾಳೆಯ ಮೇಲಿಡಿ, ಕೋಣೆಯ ದೀಪ ಆರಿಸಿ. ಹತ್ತು ನಿಮಿಷ ಸುಮ್ಮನೆ ನೋಡಿ. ಅದರ ಮೇಲೆ ಹೊಳೆಯುವ ಬಿಳಿ ಮಚ್ಚೆ ಬದನೆಯ ಬಣ್ಣದ್ದಲ್ಲ, ಕಿಟಕಿಯ ಪ್ರತಿಬಿಂಬ. ಹತ್ತಿರ ಹೋದರೆ ಕಿಟಕಿಯ ಸರಳುಗಳೂ ಕಂಡಾವು. ಕತ್ತಲ ಬದಿಯ ತಳಭಾಗ ಪೂರಾ ಕಪ್ಪಲ್ಲ. ಬಿಳಿ ಹಾಳೆಯಿಂದ ಚಿಮ್ಮಿದ ಬೆಳಕು ಅಲ್ಲಿ ಮಸುಕಾಗಿ ಬಿದ್ದಿರುತ್ತದೆ. ನೆರಳು ಕಾಯಿ ಹಾಳೆಗೆ ತಾಗಿದಲ್ಲಿ ಗಾಢ, ದೂರ ಹೋದಂತೆ ಅಂಚು ಕರಗುತ್ತದೆ. ಪ್ರಚ್ಛಾಯೆ, ಉಪಚ್ಛಾಯೆ ಎಂದು ಗ್ರಹಣದ ಪಾಠದಲ್ಲಿ ಉರು ಹೊಡೆದದ್ದು ಇದನ್ನೇ. ಇಷ್ಟು ಕಣ್ಣಿಗೆ ಬಿದ್ದ ಮೇಲೆ ಪೆನ್ನು ಹಿಡಿಯಿರಿ. ಮೊದಲು ಆಕಾರ, ಆಮೇಲೆ ಕತ್ತಲು-ಬೆಳಕಿನ ದೊಡ್ಡ ಭಾಗಗಳು, ಬಿಳಿ ಮಚ್ಚೆ ಕಟ್ಟಕಡೆಗೆ. ಅರ್ಧ ಆದಾಗ ಕೀಲಿಮಣೆಯಲ್ಲಿ 'ಎಂ' ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಸೊಟ್ಟವೆಲ್ಲ ಎದ್ದು ಕಾಣುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ.

ಮಾಡಿದ್ದನ್ನು ಅಳಿಸುವ 'ಕಂಟ್ರೋಲ್-ಝಡ್' ಎಂಬ ಸೌಕರ್ಯದ ಬಗ್ಗೆ ನನಗೆ ಅನುಮಾನವಿದೆ. ಒಂದೇ ಗೆರೆಯನ್ನು ಮೂವತ್ತು ಸಲ ಎಳೆದು ಅಳಿಸುವ ಮಕ್ಕಳನ್ನು ಕಂಡಿದ್ದೇನೆ. ಮೊದಲ ಹತ್ತು ಚಿತ್ರಗಳವರೆಗೆ ಅದನ್ನು ಮುಟ್ಟಬೇಡಿ ಎಂದು ನಮ್ಮ ಶಾಲೆಯಲ್ಲಿ ಹೇಳಿದ್ದೇನೆ, ಪಾಲಿಸುವವರು ಇಬ್ಬರು.

ತಂದೆಯವರು ಕೊನೆಗೆ ಸಣ್ಣ ಹಲಗೆಯೊಂದನ್ನು ಕೊಡಿಸಿದರು. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಮಾತ್ರ ಎಂಬ ಷರತ್ತಿನೊಂದಿಗೆ. ಕಾಗದ, ಕುಂಚ ಬಿಡಬಾರದು ಎಂಬ ಷರತ್ತು ನನ್ನದು. ಹೈಯರ್ ಗ್ರೇಡ್ ಪರೀಕ್ಷೆಯ ಚಿತ್ರವನ್ನು ಕಾಗದದ ಮೇಲೆಯೇ ಬರೆಯಬೇಕಷ್ಟೆ.

ಹೋದ ಸೋಮವಾರ ಹುಡುಗಿ ಪ್ರಯೋಗದ ಪುಸ್ತಕದ ಒಂದು ಪುಟ ತಂದು ತೋರಿಸಿದಳು. ಎಡಗಡೆ ಜಲವರ್ಣದ ಬಿಲ್ಲೆಯಿಂದ ಬೆರೆಸಿ ಹಚ್ಚಿದ ಹಸಿರು. ಬಲಗಡೆ ಕಂಪ್ಯೂಟರಿನಿಂದ ಮುದ್ರಿಸಿ ಅಂಟಿಸಿದ ಬೂದು ಚೌಕ, ಕೆಳಗೆ '128, 128, 128' ಎಂದು ಬರಹ. ನಡುವೆ ಅಪ್ಪನ ಅಂಗಡಿಯಿಂದ ತಂದ ಹಸಿರು ಪೇಂಟಿನ ಚೂರು ಪಟ್ಟಿ, ಪಕ್ಕದಲ್ಲಿ ಎಷ್ಟು ಹನಿ ಏನೆಂಬ ಲೆಕ್ಕ ಅಪ್ಪನ ಕೈಬರಹದಲ್ಲಿ. ನಾನು ಅವಳ ಹಳೆಯ ಪರೀಕ್ಷೆ ಹಾಳೆಯನ್ನು ಕೇಳಿ ಪಡೆದು, ತರಗತಿಯ ಎದುರೇ ಅಡ್ಡಗೆರೆಯನ್ನು ಹೊಡೆದುಹಾಕಿ ಅರ್ಧ ಅಂಕ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: "ಸಾರ್, ಹಾಗಾದ್ರೆ ಹಸಿರು ಅಂತ ಬರೆದ ನಮಗೆ?"